ತೋಟದ ಮೈಲುತುತ್ತ, ಹೊಂಡದ ಸೀಗಡಿ

ನಮಗೆ ಹಾಕುವಂಥ ಲಸಿಕೆ ಸೀಗಡಿಗೆ ಇಲ್ಲ. ಏಡಿಗೂ ಇಲ್ಲ, ಕಪ್ಪೆಚಿಪ್ಪಿಗೂ ಇಲ್ಲ. ನಮ್ಮ ಮೈಗೆ ಒಂದು ಕಾಯಿಲೆ ಬಂದು ಹೋದರೆ ಅದನ್ನು ಗುರುತಿಟ್ಟುಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ, ಲಸಿಕೆ ನಡೆಯುವುದು ಅವುಗಳ ಬಲದ ಮೇಲೆ. ಸೀಗಡಿಯ ಮೈಯಲ್ಲಿ ಪ್ರತಿಕಾಯ ಅನ್ನುವುದೇ ಇಲ್ಲ. ಹಾಗಾಗಿ ಸೀಗಡಿ ಸಾಕುವವರಿಗೆ ರೋಗ ಬಂದ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಬರುವುದಕ್ಕೆ ಮುಂಚಿನ ವಾರದಲ್ಲಿ ನೀರಿಗೆ ಏನಾಯಿತು, ಮರಿ ಎಲ್ಲಿಂದ ಬಂತು, ಮೇಲಿನ ತೋಟದಲ್ಲಿ ಏನು ಹೊಡೆದರು, ಇವೇ ಮುಖ್ಯವಾಗುತ್ತವೆ. ಇಷ್ಟನ್ನೂ ಒಬ್ಬರೇ ಕೂತು ನೋಡಲು ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಇರುವವರಿಂದಂತೂ ಆಗುವುದೇ ಇಲ್ಲ. ಈ ಮಾತು ಹೇಳುವುದಕ್ಕೇ ಇವತ್ತು ಬರೆಯಲು ಕೂತೆ.

ಶಿವಮೊಗ್ಗದಲ್ಲಿ ಕೂತು ಸೀಗಡಿ ರೋಗದ ಕೆಲಸ ಎಂಥದು ಅಂತ ಕೇಳುವವರು ತುಂಬ ಜನ. ಸಮುದ್ರ ಇರುವುದು ಘಟ್ಟದ ಕೆಳಗೆ ಅಲ್ವಾ ಅಂತ. ನಿಜ, ಆದರೆ ಮಲೆನಾಡಿನವರಿಗೆ ಚಿಪ್ಪಿನ ಪ್ರಾಣಿಗಳು ಹೊಸವಲ್ಲ. ಮಳೆ ಹಿಡಿದ ಮೇಲೆ ಗದ್ದೆ ಅಂಚಿನಲ್ಲಿ ಏಡಿ ಹಿಡಿಯುತ್ತಾ ಬೆಳೆದವರು ನಾವು. ತುಂಗೆಯ ಮರಳಿನಲ್ಲಿ ಕಪ್ಪೆಚಿಪ್ಪು ಸಿಗುತ್ತದೆ, ಹಳ್ಳಗಳಲ್ಲಿ ಸಣ್ಣ ಸೀಗಡಿ ಸಿಗುತ್ತದೆ. ಹೊಸದು ಅಂದರೆ ಸಾಕುವುದು. ಅಡಿಕೆ ತೋಟದ ಕೆಳಗೆ ಒಂದು ಹೊಂಡ ತೆಗೆಸಿ, ಕಾಟ್ಲಾ ರೋಹು ಜೊತೆಗೆ ಒಂದಿಷ್ಟು ದೊಡ್ಡ ಸಿಹಿನೀರು ಸೀಗಡಿ ಬಿಡುವುದು. ಮಾರುಕಟ್ಟೆಯಲ್ಲಿ ಸ್ಕ್ಯಾಂಪಿ ಅಂತ ಕರೆಯುವ, ಗಂಡಿಗೆ ಉದ್ದನೆಯ ನೀಲಿ ಕೈಗಳಿರುವ ಜಾತಿ ಇದು. ನಾನು ಕೆಲಸ ಮಾಡುವುದು ಇದರ ಮೇಲೆ.

ನಮ್ಮ ಗುಂಪು ಸಣ್ಣದು. ಶಿವಮೊಗ್ಗದಲ್ಲಿ ನಾನು ಮತ್ತು ಇನ್ನೊಬ್ಬರು. ಕರಾವಳಿಯಲ್ಲಿ ಮೀನುಗಾರಿಕೆ ಓದಿ ಅಲ್ಲೇ ರೋಗಪತ್ತೆ ಕೆಲಸ ಮಾಡುವ ಗೆಳತಿ. ತೀರ್ಥಹಳ್ಳಿ ಕಡೆ ಹೊಂಡ ಇಟ್ಟುಕೊಂಡಿರುವ ಗೌಡ್ರು. ಅವರ ಹೊಂಡಕ್ಕಿಂತ ಮೇಲಿನ ಇಳಿಜಾರಿನಲ್ಲಿ ಅಡಿಕೆ ತೋಟ ಇರುವ ಭಟ್ರು. ಮತ್ತೆ ಹೊಂಡ ನೋಡಿಕೊಳ್ಳುವ ಹುಡುಗ, ಅವನ ಬಗ್ಗೆ ಆಮೇಲೆ ಹೇಳುತ್ತೇನೆ. ಈ ಪಟ್ಟಿಯಲ್ಲಿ ಅಡಿಕೆ ಬೆಳೆಯುವ ಭಟ್ರು ಯಾಕೆ ಬಂದರು ಅಂತ ಅನಿಸಬಹುದು. ಇಡೀ ಕೆಲಸದ ತಿರುಳೇ ಅದು.

ಮೊದಲು ರಕ್ತದ ವಿಷಯ. ಒಂದು ಸೀಗಡಿಯ ರಕ್ತ ತೆಗೆಯುವುದನ್ನು ಹತ್ತಿರದಿಂದ ನೋಡಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಹಿಡಿದು ಅಂಗಾತ ಮಾಡಬೇಕು. ತಲೆಯ ಚಿಪ್ಪು ಮುಗಿದು ಬಾಲದ ಭಾಗ ಶುರುವಾಗುವಲ್ಲಿ, ಮೊದಲ ಜೋಡಿ ಈಜುಗಾಲುಗಳ ಬುಡದಲ್ಲಿ, ಒಂದು ಮೆತ್ತನೆಯ ಜಾಗ ಇದೆ. ಇನ್ಸುಲಿನ್ ಕೊಡುವಂಥ ಸಣ್ಣ ಸೂಜಿ ಅಲ್ಲಿ ಹೋಗಬೇಕು. ಸಿರಿಂಜಿನಲ್ಲಿ ಹೆಪ್ಪುಗಟ್ಟದ ಹಾಗೆ ತಡೆಯುವ ದ್ರಾವಣವನ್ನು ಮೊದಲೇ ಎಳೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ನೋಡನೋಡುತ್ತಲೇ ಸೂಜಿ ಕಟ್ಟಿಕೊಳ್ಳುತ್ತದೆ. ಬರುವ ರಕ್ತ ಕೆಂಪಲ್ಲ, ಹೆಚ್ಚು ಕಡಿಮೆ ಬಣ್ಣವೇ ಇಲ್ಲದ ನೀರಿನ ಹಾಗಿರುತ್ತದೆ. ಗಾಳಿ ತಾಗಿದ ಮೇಲೆ ತಿಳಿ ನೀಲಿ ಬರುತ್ತದೆ. ಒಂದು ಹನಿಯನ್ನು ದ್ರಾವಣ ಬೆರೆಸದೆ ಗಾಜಿನ ಮೇಲೆ ಬಿಟ್ಟು ಕಾಯ್ದರೆ ಅದು ಹೆಪ್ಪುಗಟ್ಟಿ, ನಿಧಾನವಾಗಿ ಕಪ್ಪಗಾಗುತ್ತದೆ.

ಈ ಎರಡೂ ಬಣ್ಣಗಳ ಹಿಂದೆ ತಾಮ್ರ ಇದೆ. ನಮ್ಮ ರಕ್ತದಲ್ಲಿ ಉಸಿರನ್ನು ಹೊರುವುದು ಕಬ್ಬಿಣ ಇರುವ ಹೀಮೋಗ್ಲೋಬಿನ್, ಸೀಗಡಿಯಲ್ಲಿ ತಾಮ್ರ ಇರುವ ಹೀಮೋಸಯನಿನ್. ನೀಲಿ ಅದರದ್ದು. ಕಪ್ಪಾಗುವುದಕ್ಕೆ ಕಾರಣ ಫೀನಾಲ್ ಆಕ್ಸಿಡೇಸ್ ಅನ್ನುವ ಕಿಣ್ವ, ಅದರೊಳಗೂ ತಾಮ್ರವೇ. ಸೀಗಡಿಯ ಚಿಪ್ಪು ಎಲ್ಲಾದರೂ ಒಡೆದರೆ, ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೆ, ರಕ್ತಕಣಗಳು ಒಡೆದು ಈ ಕಿಣ್ವವನ್ನು ಎಬ್ಬಿಸುತ್ತವೆ. ಅದು ಒಳಗೆ ಬಂದ ಶತ್ರುವಿನ ಸುತ್ತ ಕಪ್ಪು ಮೆಲನಿನ್ ಕಟ್ಟಿ ಅಲ್ಲೇ ಮುಚ್ಚಿಹಾಕುತ್ತದೆ. ಸೀಗಡಿ ಮೈಮೇಲೆ ಕಾಣುವ ಎಷ್ಟೋ ಕಪ್ಪು ಚುಕ್ಕೆಗಳು ಹೀಗೆ ನಡೆದ ಹೋರಾಟದ ಗುರುತು. ಮತ್ತೆ ಕೆಲವು ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಕೆಲವು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ಉಗುಳುತ್ತವೆ. ಸೀಗಡಿಗೆ ಇರುವ ಕಾವಲು ಮುಖ್ಯವಾಗಿ ಇದೇ. ಪ್ರತಿಕಾಯ ಇಲ್ಲ ಅಂದ ಮಾತ್ರಕ್ಕೆ ರಕ್ಷಣೆಯೇ ಇಲ್ಲ ಅಂತಲ್ಲ, ಕೋಟ್ಯಂತರ ವರ್ಷ ಬದುಕಿ ಬಂದ ಪ್ರಾಣಿ ಇದು.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ದೇಹದ ಕಣಗಳು ಸೂಕ್ಷ್ಮಜೀವಿಗಳನ್ನು ನುಂಗಿ ಕಾಪಾಡುತ್ತವೆ ಅಂತ ಮೊದಲು ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಇಲ್ಯಾ ಮೆಚ್ನಿಕೋವ್ ಅವರದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದರು, ಕಣಗಳು ಮುಳ್ಳಿನ ಸುತ್ತ ಬಂದು ಸೇರಿದವು. 1884ರಲ್ಲಿ ಡಾಫ್ನಿಯಾ ಅನ್ನುವ ನೀರಿನ ಸಣ್ಣ ಜೀವಿಯ ಮೇಲೆ ಅದನ್ನೇ ಇನ್ನೂ ವಿವರವಾಗಿ ತೋರಿಸಿದರು. ಆ ಡಾಫ್ನಿಯಾ ಸೀಗಡಿ ಏಡಿಗಳ ಬಳಗದ್ದೇ. ನಮ್ಮ ಕೆರೆಯ ನೀರನ್ನು ಒಂದು ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರೆ ಅಂಥವು ಕುಣಿಯುತ್ತಿರುವುದು ಕಾಣುತ್ತದೆ. 1908ರಲ್ಲಿ ಮೆಚ್ನಿಕೋವ್ ಅವರಿಗೆ ಪೌಲ್ ಎರ್ಲಿಕ್ ಜೊತೆಗೆ ನೊಬೆಲ್ ಬಂತು. ಮನುಷ್ಯರ ರೋಗನಿರೋಧಕ ಶಕ್ತಿಯ ವಿಜ್ಞಾನ ಶುರುವಾಗುವಾಗಲೇ ಇಂಥ ಪ್ರಾಣಿಗಳು ಅದರೊಳಗಿದ್ದವು. ಸೀಗಡಿಯ ಕೆಲಸವನ್ನು ಸಣ್ಣದು ಅಂತ ತಿಳಿಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಈಗ ಮರಿ ಎಲ್ಲಿಂದ ಬರುತ್ತದೆ ಅನ್ನುವುದು. ಸಿಹಿನೀರು ಸೀಗಡಿ ಬೆಳೆಯುವುದು ಸಿಹಿನೀರಿನಲ್ಲಿ, ಆದರೆ ಅದರ ಎಳೆಮರಿಗಳು ಬದುಕುವುದಕ್ಕೆ ಉಪ್ಪು ಬೆರೆತ ನೀರು ಬೇಕು. ಕಾಡು ನದಿಗಳಲ್ಲಿ ಮೊಟ್ಟೆ ಹೊತ್ತ ಹೆಣ್ಣು ಅಳಿವೆಯ ಕಡೆಗೆ ಇಳಿದು ಹೋಗುತ್ತದೆ. ಇದನ್ನು 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ಶಾವೊ-ವೆನ್ ಲಿಂಗ್ ಅನ್ನುವವರು ಕಂಡುಕೊಂಡ ಮೇಲೆಯೇ ಈ ಸೀಗಡಿಯನ್ನು ಸಾಕುವುದು ಸಾಧ್ಯವಾಯಿತು. ನಮ್ಮ ಪಾಲಿಗೆ ಇದರ ಅರ್ಥ ಏನೆಂದರೆ ಮಲೆನಾಡಿನ ಹೊಂಡದವರು ಮರಿಗೆ ಕರಾವಳಿಯ ಮರಿ ಉತ್ಪಾದನಾ ಕೇಂದ್ರಗಳನ್ನೇ ನೆಚ್ಚಿಕೊಳ್ಳಬೇಕು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಬಿಸಿಲು ತಾಗದ ಹಾಗೆ ರಾತ್ರಿ ಹೊತ್ತು, ಘಟ್ಟ ಹತ್ತಿ ಮರಿ ಬರುತ್ತದೆ. ಮರಿಯ ಜೊತೆಗೆ ರೋಗವೂ ಘಟ್ಟ ಹತ್ತಬಹುದು.

ಮುಖ್ಯವಾಗಿ ಹೆದರುವುದು ಬಿಳಿ ಬಾಲದ ರೋಗಕ್ಕೆ. ಸಣ್ಣ ಮರಿಯ ಬಾಲದ ಮಾಂಸ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಲಕ್ಷಣ ಕಾಣಿಸಿಕೊಂಡ ಒಂದು ವಾರದೊಳಗೆ ಇಡೀ ತೊಟ್ಟಿ ಖಾಲಿಯಾಗಬಹುದು. ಕಾರಣ ಎರಡು ವೈರಸ್‌ಗಳ ಜೋಡಿ. ಒಂದು ನೋಡಾವೈರಸ್, ಇನ್ನೊಂದು ಅದಕ್ಕಿಂತ ಚಿಕ್ಕದಾಗಿ, ಅದರ ಆಸರೆಯಲ್ಲೇ ಬೆಳೆಯುವ ಪುಟ್ಟ ವೈರಸ್. ಈ ರೋಗವನ್ನು ಮೊದಲು ಗುರುತಿಸಿದ್ದು 1990ರ ದಶಕದ ಕೊನೆಯಲ್ಲಿ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ. ಆಮೇಲೆ ಚೀನಾ, ಆಮೇಲೆ ಭಾರತ. ಫ್ರಾನ್ಸಿನ ಮಾಂಟ್‌ಪೆಲಿಯರ್‌ನಲ್ಲಿ ಜಾನ್-ರಾಬರ್ಟ್ ಬೊನಾಮಿ ಅವರ ತಂಡ, ತಮಿಳುನಾಡಿನ ವೆಲ್ಲೂರು ಹತ್ತಿರದ ಮೇಲ್ವಿಶಾರಮ್‌ನ ಕಾಲೇಜಿನಲ್ಲಿ ಸಾಹುಲ್ ಹಮೀದ್ ಅವರ ತಂಡ, ಎರಡೂ ಸೇರಿ ಈ ರೋಗದ ಮೇಲೆ ಕೆಲಸ ಮಾಡಿದವು. 2004ರಲ್ಲಿ ಭಾರತದ ಸೀಗಡಿಗಳಲ್ಲಿ ಈ ಎರಡು ವೈರಸ್‌ಗಳನ್ನು ಆರ್‌ಟಿ-ಪಿಸಿಆರ್‌ನಲ್ಲಿ ಪತ್ತೆ ಮಾಡಿದ್ದನ್ನು ಅವರು ಒಟ್ಟಿಗೆ ಪ್ರಕಟಿಸಿದರು. ಒಂದು ಊರಿನ ಕಾಲೇಜು, ಸಾವಿರಾರು ಮೈಲಿ ದೂರದ ಒಂದು ಪ್ರಯೋಗಾಲಯ. ಸೀಗಡಿ ಸಾಯುತ್ತಿದ್ದದ್ದು ಇಲ್ಲಿ, ಆ ವೈರಸ್ಸಿನ ವಂಶವಾಹಿ ಓದುವ ಅನುಭವ ಇದ್ದದ್ದು ಅಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈ ರೋಗದಲ್ಲಿ ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ಮರಿಗಳು ಸಾಯುತ್ತವೆ, ದೊಡ್ಡವು ಸಾಯುವುದಿಲ್ಲ. ದೊಡ್ಡ ಸೀಗಡಿ ವೈರಸ್ ಹೊತ್ತುಕೊಂಡೇ ಆರಾಮಾಗಿ ಓಡಾಡುತ್ತದೆ, ಮೊಟ್ಟೆಯ ಮೂಲಕ ಮರಿಗೆ ದಾಟಿಸುತ್ತದೆ. ಪ್ರತಿಕಾಯ ಇಲ್ಲದ ಪ್ರಾಣಿ ವೈರಸ್ ಜೊತೆ ಹೀಗೆ ಹೊಂದಿಕೊಂಡು ಬದುಕುವುದು ಹೇಗೆ? ಥಾಯ್ಲೆಂಡಿನ ಮಹಿದೋಲ್ ವಿಶ್ವವಿದ್ಯಾಲಯದ ಟಿಮ್ ಫ್ಲೆಗೆಲ್ ಈ ಹೊಂದಾಣಿಕೆಯ ಬಗ್ಗೆ 1998ರಿಂದಲೇ ಬರೆಯುತ್ತಾ ಬಂದವರು. ವೈರಸ್ಸಿನ ತುಣುಕುಗಳು ಸೀಗಡಿಯ ವಂಶವಾಹಿಯೊಳಗೆ ಸೇರಿಕೊಂಡು, ಅದೇ ವೈರಸ್ ಮತ್ತೆ ಬಂದಾಗ ಗುರುತು ಹಿಡಿಯಲು ನೆರವಾಗುತ್ತವೆ ಅನ್ನುವುದು ಅವರು ಆಮೇಲೆ ಮುಂದಿಟ್ಟ ವಾದ. ಇದು ನಿಜವಾದರೆ ಸೀಗಡಿಗೆ ತನ್ನದೇ ರೀತಿಯ ಒಂದು ನೆನಪು ಇದೆ ಅಂತಾಯಿತು. ರಾತ್ರಿ ಮಲಗುವ ಮುಂಚೆ ಓದಲು ಇಂಥ ಲೇಖನ ಸಿಕ್ಕರೆ ನನಗೆ ನಿದ್ದೆ ಬರುವುದಿಲ್ಲ.

ಇನ್ನು ಭಟ್ರ ತೋಟಕ್ಕೆ ಬರುತ್ತೇನೆ.

ಮಳೆಗಾಲ ಅಂದರೆ ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ. ಕೊಳೆ ತಡೆಯಲು ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದನ್ನು ಇಲ್ಲಿಯ ಮಕ್ಕಳೂ ಹೇಳುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಮಳೆ ನಡುವೆ ಬಿಡುವು ನೋಡಿ ಇನ್ನೊಂದು ಸಲ, ಕೊಳೆ ಜೋರಾದರೆ ಮತ್ತೊಂದು ಸಲ ಹೊಡೆಯುತ್ತಾರೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ವರ್ಷ ವರ್ಷ ಹೊಡೆದ ತಾಮ್ರ ತೋಟದ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ, ಬಹುಪಾಲು ಮಣ್ಣಿನ ಸಾರಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಆದರೆ ಜೋರು ಮಳೆಗೆ ಕೊಚ್ಚಿಕೊಂಡು ಬರುವ ಮಣ್ಣಿನ ಜೊತೆ ಸ್ವಲ್ಪ ಕೆಳಗೆ ಇಳಿಯುತ್ತದೆ. ಡ್ರಮ್ಮು, ಪೈಪು ತೊಳೆದ ನೀರು ಕಾಲುವೆಗೆ ಬಿದ್ದರೆ ನೇರವಾಗಿ ಇಳಿಯುತ್ತದೆ. ಇಳಿದದ್ದು ಕೆಳಗಿನ ಹೊಂಡಕ್ಕೆ.

ಚಿಪ್ಪಿನ ಪ್ರಾಣಿಗಳಿಗೆ ತಾಮ್ರ ಬೇಕೇ ಬೇಕು, ಈಗಷ್ಟೇ ಹೇಳಿದೆನಲ್ಲ, ಉಸಿರಿಗೂ ತಾಮ್ರ, ಕಾವಲಿಗೂ ತಾಮ್ರ. ಆದರೆ ನೀರಿನಲ್ಲಿ ಅದು ಸ್ವಲ್ಪ ಜಾಸ್ತಿಯಾದರೂ ಸೀಗಡಿಗೆ, ಕಪ್ಪೆಚಿಪ್ಪಿಗೆ ವಿಷ. ಮೆದು ನೀರಿನಲ್ಲಿ ಇನ್ನೂ ಹೆಚ್ಚು ವಿಷ. ನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೋನೇಟು ಚೆನ್ನಾಗಿದ್ದರೆ ತಾಮ್ರದ ಕಾಟ ಕಡಿಮೆಯಾಗುತ್ತದೆ. ನಮ್ಮ ಮಲೆನಾಡಿನ ನೀರು, ಅದರಲ್ಲೂ ಮಳೆಗಾಲದಲ್ಲಿ, ತುಂಬ ಮೆದು. ಅಂದರೆ ಬಯಲುಸೀಮೆಯ ಹೊಂಡದಲ್ಲಿ ಏನೂ ಮಾಡದಷ್ಟು ತಾಮ್ರ ಇಲ್ಲಿ ತೊಂದರೆ ಕೊಡಬಹುದು. ಬೇರೆ ಕಡೆಯ ಪುಸ್ತಕದಲ್ಲಿರುವ ಸುರಕ್ಷಿತ ಮಟ್ಟವನ್ನು ಇಲ್ಲಿ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

ಕೊಲ್ಲದಷ್ಟು ತಾಮ್ರವೂ ಸುಮ್ನೆ ಇರುವುದಿಲ್ಲ. ತೈವಾನಿನ ಸಂಶೋಧಕರು ಇದೇ ಸಿಹಿನೀರು ಸೀಗಡಿಯ ಮೇಲೆ ನೋಡಿದ್ದಾರೆ. ಮೈಲುತುತ್ತ ಬೆರೆಸಿದ ನೀರಿನಲ್ಲಿಟ್ಟ ಸೀಗಡಿಗಳ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಸೋಂಕಿಸಿದರೆ ಹೆಚ್ಚು ಸಾಯುತ್ತವೆ. ಹೊಂಡದವರು ಕಾಣುವುದು ಬ್ಯಾಕ್ಟೀರಿಯಾವನ್ನು, ತಾಮ್ರ ಕಣ್ಣಿಗೆ ಬೀಳುವುದಿಲ್ಲ. ಔಷಧಿ ಅಂಗಡಿಯವರು ಬ್ಯಾಕ್ಟೀರಿಯಾಕ್ಕೆ ಏನೋ ಒಂದು ಕೊಡುತ್ತಾರೆ. ಮುಂದಿನ ಮಳೆಗಾಲ ಮತ್ತೆ ಅದೇ ಕಥೆ.

ಹಾಗಾಗಿ ನಮ್ಮ ಪ್ರಶ್ನೆ ಇಷ್ಟೇ: ಮೇಲಿನ ತೋಟದಲ್ಲಿ ಬೋರ್ಡೋ ಹೊಡೆದ ಮುಂದಿನ ದಿನಗಳಲ್ಲಿ ಕೆಳಗಿನ ಹೊಂಡದ ಸೀಗಡಿಯ ರಕ್ತದಲ್ಲಿ ಏನು ಬದಲಾಗುತ್ತದೆ? ನೀರಿನ ತಾಮ್ರ ಅಳೆಯುತ್ತೇವೆ, ರಕ್ತಕಣ ಎಣಿಸುತ್ತೇವೆ, ಕಪ್ಪು ಮಾಡುವ ಆ ಕಿಣ್ವದ ಚುರುಕನ್ನು ನೋಡುತ್ತೇವೆ. ಕಿಣ್ವ ನೋಡುವುದಕ್ಕೆ ಎಲ್-ಡೋಪಾ ಅನ್ನುವ ವಸ್ತು ಬಳಸುತ್ತಾರೆ. ಕಿಣ್ವ ಚುರುಕಾಗಿದ್ದಷ್ಟೂ ಬೇಗ ಕಿತ್ತಳೆ-ಕೆಂಪು ಬಣ್ಣ ಬರುತ್ತದೆ, ಅದನ್ನು ಯಂತ್ರ ಅಳೆಯುತ್ತದೆ. ಈ ಎಲ್-ಡೋಪಾ ನಮ್ಮ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೆ. ಭಟ್ರಿಗೆ ಇದನ್ನು ಹೇಳಿದಾಗ ಅವರು ಯಂತ್ರ ನೋಡಲು ಶಿವಮೊಗ್ಗಕ್ಕೇ ಬಂದರು.

ಫಲಿತಾಂಶದ ಬಗ್ಗೆ ಈಗಲೇ ಏನೂ ಬರೆಯುವುದಿಲ್ಲ, ಕೆಲಸ ನಡೆಯುತ್ತಿದೆ. ಬರೆಯಬೇಕಾದ್ದು ಈ ಕೆಲಸಕ್ಕೆ ಭಟ್ರು ಹೇಗೆ ಒಪ್ಪಿದರು ಅನ್ನುವುದು. ಅಡಿಕೆ ಬೆಳೆಗಾರರ ಮೇಲೆ ತಪ್ಪು ಹೊರಿಸುವುದಕ್ಕೆ ಬಂದಿದ್ದಾರೆ ಅಂತ ಅವರಿಗೆ ಅನಿಸಿದ್ದರೆ ಅದು ಸಹಜ. ಬೋರ್ಡೋ ಬಿಡಿ ಅಂತ ಯಾರೂ ಹೇಳಲು ಆಗುವುದಿಲ್ಲ. ಕೊಳೆ ಬಂದು ಹಸಿ ಅಡಿಕೆ ಉದುರಿ ಮರದ ಬುಡದಲ್ಲಿ ರಾಶಿ ಬಿದ್ದದ್ದನ್ನು ನೋಡಿದವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ನಮ್ಮ ಮನೆಯದ್ದೂ ತೋಟವೇ. ನಾನು ಕೇಳಿದ್ದು ಇಷ್ಟೇ, ಹೊಡೆಯುವ ದಿನ ತಿಳಿಸಿ, ಡ್ರಮ್ ತೊಳೆದ ನೀರನ್ನು ಕಾಲುವೆಗೆ ಬಿಡದೆ ತೋಟದೊಳಗೇ ಒಂದು ಗುಂಡಿಗೆ ಬಿಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ್ತಿ, ದಿನ ನಾವು ಹೇಳೋದಲ್ಲ, ಮಳೆ ಹೇಳೋದು. ಬೆಳಿಗ್ಗೆ ಬಿಸಿಲು ಬಂದ್ರೆ ಫೋನ್ ಮಾಡ್ತೆ, ಆಗ್ದಾ?" ಅಂದರು. ಆಗುತ್ತದೆ ಅಂದೆ. ಆವತ್ತಿನಿಂದ ಫೋನ್ ತಪ್ಪಿಸಿಲ್ಲ.

ಈ ಬೋರ್ಡೋ ಮಲೆನಾಡಿಗೆ ಬಂದದ್ದೂ ಒಂದು ಜೊತೆ ಕೆಲಸದಿಂದಲೇ. ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಬಂದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ವರದಿ ಹೊರಬಂತು. ಅದಕ್ಕೆ ಮುಂಚೆ ಇಲ್ಲಿ ಗೊತ್ತಿದ್ದದ್ದು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದು. ಕೊಳೆಗೆ ಕಾರಣವಾದ ಜೀವಿ ಯಾವುದು ಅಂತ ಗುರುತಿಸಿ, ಬೋರ್ಡೋ ಹೊಡೆದರೆ ನಿಲ್ಲುತ್ತದೆ ಅಂತ ತೋಟಗಳಲ್ಲೇ ತೋರಿಸಬೇಕಾಯಿತು. ಪ್ರಯೋಗಾಲಯದಲ್ಲಿ ಕೂತು ತೋರಿಸಿದ್ದರೆ ಯಾರೂ ಮರ ಹತ್ತುತ್ತಿರಲಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಕೊಂಡಿ ಇದೆ. ಕೊಳೆರೋಗ ತರುವ ಜೀವಿ ಫೈಟಾಫ್ತೊರಾ ನೋಡಲು ಶಿಲೀಂಧ್ರದ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲ, ಊಮೈಸೀಟ್ ಅನ್ನುವ ಬೇರೆ ಗುಂಪಿನದು. ನೀರಿನಲ್ಲಿ ಈಜಬಲ್ಲ ಬೀಜಕಣಗಳು ಇವಕ್ಕೆ, ಮಳೆ ಜೋರಾದಷ್ಟೂ ಹರಡುತ್ತವೆ. ಇದೇ ಗುಂಪಿನ ಇನ್ನೊಂದು ಜೀವಿ ಅಫನೊಮೈಸಿಸ್ ಯೂರೋಪಿನ ಸಿಹಿನೀರಿನ ಕ್ರೇಫಿಷ್‌ಗಳನ್ನು, ಅಂದರೆ ಸಣ್ಣ ಲಾಬ್ಸ್ಟರಿನಂಥ ಚಿಪ್ಪಿನ ಪ್ರಾಣಿಗಳನ್ನು, ನೂರಾರು ನದಿ ಸರೋವರಗಳಲ್ಲಿ ಅಳಿಸಿಹಾಕಿತು. 1860ರ ಸುಮಾರಿಗೆ ಇಟಲಿಯಲ್ಲಿ ಶುರುವಾಗಿ 1907ಕ್ಕೆ ಸ್ವೀಡನ್ ಮುಟ್ಟಿತು. ಅಮೆರಿಕದ ಕ್ರೇಫಿಷ್ ಮಾತ್ರ ಅದೇ ರೋಗ ಹೊತ್ತುಕೊಂಡೂ ಬದುಕುತ್ತದೆ. ಯಾಕೆ ಅಂತ ಹುಡುಕುತ್ತಾ ಹೋದವರು ಉಪ್ಸಾಲಾ ವಿಶ್ವವಿದ್ಯಾಲಯದ ಕೆನ್ನೆತ್ ಸೋಡರ್‌ಹಾಲ್ ಮತ್ತು ಅವರ ಜೊತೆಗಾರರು. ಅಮೆರಿಕದ ಕ್ರೇಫಿಷ್ ತನ್ನ ಚಿಪ್ಪಿನೊಳಗೆ ಬಂದ ಆ ರೋಗಜೀವಿಯ ಎಳೆಯನ್ನು ಕಪ್ಪು ಮೆಲನಿನ್ನಿನಿಂದ ಬೇಗ ಮುಚ್ಚಿಹಾಕುತ್ತದೆ, ಯೂರೋಪಿನದಕ್ಕೆ ಆ ವೇಗ ಸಾಲುವುದಿಲ್ಲ. ಇವತ್ತು ನಾವು ಸೀಗಡಿಯಲ್ಲಿ ಅಳೆಯುವ ಕಿಣ್ವದ ಬಗ್ಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಕೆಲಸದಿಂದ ಬಂದದ್ದು. ಅಡಿಕೆಯ ಕೊಳೆಗೂ ಸ್ವೀಡನ್ನಿನ ಕ್ರೇಫಿಷ್ ಸಾವಿಗೂ ಕಾರಣವಾದವು ದಾಯಾದಿಗಳು ಅಂತ ತಿಳಿದ ದಿನ ನಾನು ಗೌಡ್ರಿಗೂ ಭಟ್ರಿಗೂ ಒಟ್ಟಿಗೆ ಫೋನ್ ಮಾಡಿದ್ದೆ.

ಈಗ ಹೊಂಡದ ಹುಡುಗ. ಅವನು ಓದಿದ್ದು ಹತ್ತನೇ ಕ್ಲಾಸು. ಬೆಳಗಿನ ಜಾವ ಟಾರ್ಚ್ ಹಿಡಿದು ಹೊಂಡದ ಸುತ್ತ ಒಂದು ಸುತ್ತು ಹಾಕುತ್ತಾನೆ. ಟಾರ್ಚಿನ ಬೆಳಕಿಗೆ ಸೀಗಡಿಯ ಕಣ್ಣುಗಳು ಕೆಂಡದ ಹಾಗೆ ಹೊಳೆಯುತ್ತವೆ. ಅವು ಅಂಚಿಗೆ ಬಂದು ಗುಂಪಾಗಿ ನಿಂತಿದ್ದರೆ ನೀರಿನಲ್ಲಿ ಆಕ್ಸಿಜನ್ ಕಡಿಮೆಯಾಗಿದೆ ಅಂತ. ತಟ್ಟೆಯಲ್ಲಿ ಇಟ್ಟ ಮೇವು ಉಳಿದಿದೆಯಾ ನೋಡುತ್ತಾನೆ. ಪೊರೆ ಬಿಟ್ಟ ಚಿಪ್ಪುಗಳು ಎಷ್ಟು ತೇಲುತ್ತಿವೆ ನೋಡುತ್ತಾನೆ. ಪೊರೆ ಬಿಟ್ಟ ಸೀಗಡಿ ಮೆತ್ತಗಿರುತ್ತದೆ, ಬೇರೆಯವು ಹಿಡಿದು ತಿನ್ನುತ್ತವೆ, ಆ ಹೊತ್ತಿನಲ್ಲಿ ರಕ್ತಕಣಗಳ ಸಂಖ್ಯೆಯೂ ಏರುಪೇರಾಗುತ್ತದೆ. ಅವನು ಹಿಂದಿನ ರಾತ್ರಿ ತುಂಬ ಪೊರೆ ಬಿದ್ದಿದೆ ಅಂತ ಹೇಳದಿದ್ದರೆ, ಅವತ್ತು ನಾವು ಎಣಿಸಿದ ಕಣಗಳ ಲೆಕ್ಕವನ್ನು ತಾಮ್ರದ ತಲೆಗೆ ಕಟ್ಟಿಬಿಡುತ್ತಿದ್ದೆವು. ಆ ಮಾಹಿತಿ ಯಾವ ಯಂತ್ರವೂ ಕೊಡುವುದಿಲ್ಲ. ಲೇಖನ ಪ್ರಕಟವಾಗುವಾಗ ಅವನ ಹೆಸರು ಲೇಖಕರ ಸಾಲಿನಲ್ಲೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ ಸಾಲದು.

ಮಂಗನ ಕಾಯಿಲೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದನ್ನು ಮೊದಲು ಕಂಡವರು ಕಾಡಿಗೆ ಹೋಗುವ ಹಳ್ಳಿಯವರು. ಆಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು, ವೈರಸ್ ಸಿಕ್ಕಿತು, ಕ್ಯಾಸನೂರಿನ ಹೆಸರು ಜಗತ್ತಿಗೆ ಗೊತ್ತಾಯಿತು. ಇವತ್ತಿಗೂ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ ಅಂತ ನಮ್ಮಲ್ಲಿ ಹೇಳುತ್ತಾರೆ, ಜನ ತಿಳಿಸುತ್ತಾರೆ. ಅದೇ ವರ್ಷ, 1957ರಲ್ಲೇ, ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಸಾಕಿದ ಸಿಂಪಿಗಳು ರಾಶಿ ರಾಶಿ ಸಾಯಲು ಶುರುವಾದವು. ಕಾರಣ ಒಂದು ಪರಾವಲಂಬಿ ಅಂತ ಆಮೇಲೆ ಗೊತ್ತಾಯಿತು, ಅದನ್ನು ಎಮ್‌ಎಸ್‌ಎಕ್ಸ್ ಅಂತ ಕರೆಯುತ್ತಾರೆ. ಸಿಂಪಿ ಸತ್ತದ್ದನ್ನು ಮಂಗ ಸತ್ತಷ್ಟು ಸುಲಭವಾಗಿ ನೋಡಲು ಬರುವುದಿಲ್ಲ, ಅದು ನೀರಿನ ಅಡಿಯಲ್ಲಿ ಬಾಯಿ ತೆರೆದು ಬಿದ್ದಿರುತ್ತದೆ. ಸಾಕುವವರು ಎತ್ತಿ ನೋಡಿ ಹೇಳಬೇಕು. ಭಾರತದಲ್ಲಿ ಜಲಚರಗಳ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಯೋಜನೆ 2013ರಿಂದ ಇದೆ. ಅದರಲ್ಲಿಯೂ ಸುದ್ದಿ ಮೊದಲು ಹೊರಡಬೇಕಾದ್ದು ಹೊಂಡದ ದಂಡೆಯಿಂದಲೇ.

ಕೆಲಸದ ಕಷ್ಟಗಳ ಬಗ್ಗೆ ಸ್ವಲ್ಪ. ನಮ್ಮ ಮಾದರಿಗಳು ಮಂಗಳೂರಿಗೆ ಹೋಗುವುದು ಬಸ್ಸಿನಲ್ಲಿ. ಪಿಸಿಆರ್‌ಗೆ ಹೋಗುವುದು ಗಟ್ಟಿ ಆಲ್ಕೋಹಾಲ್‌ನಲ್ಲಿ ಮುಳುಗಿಸಿದ ತುಂಡು, ಸೂಕ್ಷ್ಮದರ್ಶಕಕ್ಕೆ ಹೋಗುವುದು ಬೇರೆ ದ್ರಾವಣದಲ್ಲಿ. ಎಲ್ಲವನ್ನೂ ಥರ್ಮೋಕೋಲ್ ಡಬ್ಬಿಯಲ್ಲ‍ಿಟ್ಟು, ಸುತ್ತ ಐಸ್ ತುಂಬಿ, ಟೇಪ್ ಸುತ್ತಿ, ಕಂಡಕ್ಟರ್ ಕೈಗೆ ಕೊಟ್ಟು, ಆ ಕಡೆ ಗೆಳತಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಸುತ್ತಿ ಬಳಸಿ ಹೋಗುತ್ತದೆ, ಐಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಮಾದರಿ ಬೇಕಾಗುವುದೂ ಮಳೆಗಾಲದಲ್ಲೇ. ಸಂಶೋಧನೆಗೆ ದುಡ್ಡು ಬರುವ ಲೆಕ್ಕವೋ ಏಪ್ರಿಲ್‌ನಿಂದ ಮಾರ್ಚ್, ಹಣ ಕೈಗೆ ಸಿಗುವ ಹೊತ್ತಿಗೆ ಎಷ್ಟೋ ಸಲ ಮಳೆ ಮುಗಿದಿರುತ್ತದೆ. ಒಂದು ಮಳೆಗಾಲ ಕೈತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಇದು ಬದಲಾಗಲೇಬೇಕು ಅಂತ ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಫಲಿತಾಂಶ ವಾಪಸ್ ತಲುಪಿಸುವ ವಿಷಯದಲ್ಲಿ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಇಂಗ್ಲಿಷಿನ ವರದಿ ಕಳಿಸುವುದು ಆಮೇಲೆ. ಮೊದಲು ವಾಟ್ಸಾಪಿನಲ್ಲಿ ಕನ್ನಡದ ಧ್ವನಿ ಸಂದೇಶ: ವೈರಸ್ ಸಿಕ್ಕಿದೆ ಅಥವಾ ಸಿಕ್ಕಿಲ್ಲ, ಇವತ್ತು ಏನು ಮಾಡಬೇಕು, ಏನು ಮಾಡಬಾರದು. ಬಾಲ ಬೆಳ್ಳಗಾದದ್ದೆಲ್ಲ ಬಿಳಿ ಬಾಲದ ರೋಗ ಅಲ್ಲ. ಆಕ್ಸಿಜನ್ ಕಡಿಮೆಯಾದರೂ, ಹಿಡಿಯುವಾಗ ಒದ್ದಾಡಿದರೂ ಸೀಗಡಿಯ ಮಾಂಸ ಬೆಳ್ಳಗಾಗುತ್ತದೆ. ವೈರಸ್ ಇಲ್ಲ ಅಂತ ಗೊತ್ತಾದರೆ ಹೊಂಡ ಖಾಲಿ ಮಾಡುವುದು ತಪ್ಪುತ್ತದೆ, ಗೌಡ್ರ ಒಂದು ವರ್ಷದ ದುಡಿಮೆ ಉಳಿಯುತ್ತದೆ. ಪರೀಕ್ಷೆಯ ಬೆಲೆ ಅಲ್ಲಿದೆ. ಮತ್ತೆ ಆಂಟಿಬಯೋಟಿಕ್ ಸುರಿಯುವುದು ಬೇಡ ಅಂತ ಪ್ರತಿ ಸಲ ಹೇಳುತ್ತೇವೆ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ, ಉಳಿದ ಅಂಶ ತಿನ್ನುವವರ ಹೊಟ್ಟೆ ಸೇರುತ್ತದೆ.

ಈ ಮಳೆಗಾಲಕ್ಕೆ ನಮಗೆ ಇನ್ನಷ್ಟು ಹೊಂಡಗಳು ಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಅಡಿಕೆ ತೋಟದ ಕೆಳಗೆ ಸೀಗಡಿ ಹೊಂಡ ಇದ್ದವರು, ಮುತ್ತು ಬೆಳೆಯಲು ಅಂತ ಕಪ್ಪೆಚಿಪ್ಪು ಸಾಕಲು ಶುರು ಮಾಡಿದವರು ಕೂಡ, ಜೊತೆ ಸೇರಬಹುದು. ಕಪ್ಪೆಚಿಪ್ಪು ದಿನವಿಡೀ ನೀರು ಸೋಸುತ್ತಾ ಇರುವ ಪ್ರಾಣಿ, ನೀರಿನಲ್ಲಿ ತಾಮ್ರ ಇದ್ದರೆ ಅದರ ಮೈಯಲ್ಲಿ ಸೇರುತ್ತದೆ. ಅದರ ಮಾಂಸ ಪರೀಕ್ಷಿಸಿದರೆ ಹೊಂಡದ ಹಲವು ತಿಂಗಳ ಕಥೆ ಸಿಗುತ್ತದೆ. ಮರಿ ತರುವ ಮುಂಚೆ ತಿಳಿಸಿದರೆ ಚೀಲದಿಂದಲೇ ಕೆಲವು ಮರಿಗಳನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತೇವೆ. ಹೊಂಡದಲ್ಲಿ ಸಾವು ಕಂಡರೆ ಸತ್ತು ತೇಲುತ್ತಿರುವುದನ್ನು ಕಳಿಸಬೇಡಿ, ಅದು ಕೊಳೆತು ಏನೂ ಹೇಳುವುದಿಲ್ಲ. ಜೀವ ಇದ್ದು ಮಂಕಾಗಿ ಅಂಚಿಗೆ ಬಂದಿರುವುದನ್ನು ಹಿಡಿದು, ಹೊಂಡದ್ದೇ ನೀರಿನಲ್ಲಿ ಚೀಲ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಕೊಡಿ. ಜೊತೆಗೆ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದಿಡಿ: ಮರಿ ಬಿಟ್ಟ ದಿನ, ಮೇಲಿನ ತೋಟಕ್ಕೆ ಕೊನೆಯ ಸಲ ಮದ್ದು ಹೊಡೆದ ದಿನ, ಹಿಂದಿನ ರಾತ್ರಿ ಮಳೆ ಬಂತೋ ಇಲ್ಲವೋ.